ನಲವತ್ತೇಳು ಅರ್ಧ ನಿಮಿಷಗಳು

ಅಡುಗೆಮನೆಯ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಕೆಳಗೆ ಬಿದ್ದು ಚೂರುಚೂರಾಯಿತು. ಅರ್ಧ ನಿಮಿಷದ ನಂತರ ಅದು ಮತ್ತೆ ಹಲಗೆಯ ಮೇಲೇ ಇತ್ತು. ಅದು ಬಿದ್ದದ್ದಾಗಲಿ ಒಡೆದದ್ದಾಗಲಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮರುಗಳಿಗೆ ಯಂತ್ರಕ್ಕೆ ಮಾತ್ರ. ನಡುಮನೆಯ ಗೋಡೆಯಲ್ಲಿ ಗಡಿಯಾರದ ಕೆಳಗೆ ಕೂತಿದ್ದ ಆ ಹಿತ್ತಾಳೆ ಬಣ್ಣದ ಪೆಟ್ಟಿಗೆ ‘ಟಿಣ್’ ಎಂದು ಒಮ್ಮೆ ಸದ್ದು ಮಾಡಿ, ತನ್ನ ಸೀಳುಬಾಯಿಂದ ಒಂದು ಚೀಟಿಯನ್ನು ಹೊರಗೆ ತಳ್ಳಿತು. ಬದನೆಕಾಯಿ ಹೆಚ್ಚುತ್ತಿದ್ದ ನೀಲಾಂಬಿಕಾ ಕೈ ಒರೆಸಿಕೊಳ್ಳುತ್ತ ಬಂದು ಅದನ್ನು ಓದಿದಳು: “ಬಗೆ ಎರಡು: ಒಡೆಯುವಿಕೆ. ಉಪ್ಪಿನಕಾಯಿ ಭರಣಿ, ಮೇಲಿನ ಹಲಗೆ. ತಪ್ಪಿಸಲಾಗಿದೆ.”

ಓದಿದವಳೇ ಅಡುಗೆಮನೆಗೆ ಓಡಿದಳು. ಒಡೆದರೆ ಹೊಸದು ತರಬಹುದಾದ ಭರಣಿ ಅದಲ್ಲ. ಹಿಂದಿನ ಬೇಸಿಗೆಯಲ್ಲಿ ಅವಳ ತಾಯಿ ತನ್ನ ಕೈಯಾರೆ ಮಾವಿನಕಾಯಿ ಹೋಳು ಮಾಡಿ, ಸಾಸಿವೆ ಮೆಂತ್ಯ ಹುರಿದು ಪುಡಿ ಮಾಡಿ, ತುಂಬಿ ಬಟ್ಟೆ ಕಟ್ಟಿ ಕೊಟ್ಟದ್ದು. ಶ್ರಾವಣದಲ್ಲಿ ಆ ತಾಯಿ ತೀರಿಕೊಂಡಳು. ಭರಣಿಯಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು, ಏಕೆಂದರೆ ನೀಲಾ ಹಬ್ಬದ ದಿನ ಒಂದು ಹೋಳು ಬಿಟ್ಟರೆ ಅದರಿಂದ ಏನನ್ನೂ ತೆಗೆಯುತ್ತಿರಲಿಲ್ಲ. ಅವಳು ಭರಣಿಯನ್ನು ಎರಡೂ ಕೈಯಿಂದ ಇಳಿಸಿ, ಒಲೆಯ ಪಕ್ಕದ ಗೂಡಿನಲ್ಲಿ ಗೋಡೆಗೆ ಒತ್ತಿ ಇಟ್ಟು, ಪೆಟ್ಟಿಗೆಯ ಕಡೆ ತಿರುಗಿ ಕೈ ಮುಗಿದಳು. ಗಣಿತ ಕಲಿಸುವ ಮಾಸ್ತರಿಣಿ ಯಂತ್ರಕ್ಕೆ ಕೈ ಮುಗಿಯುವುದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಆಚೀಚೆ ನೋಡಿಯೂ ಕೊಂಡಳು.

ಮರುಗಳಿಗೆ ಯಂತ್ರ ಆಗಿನ್ನೂ ಹೊಸದು. ಧಾರವಾಡದ ಕಾಲಸಂಶೋಧನ ಕೇಂದ್ರದವರು ಅದನ್ನು ಪ್ರಯೋಗಕ್ಕೆಂದು ನೂರು ಮನೆಗಳಿಗೆ ಕೊಟ್ಟಿದ್ದರು. ಗದಗಿನ ಬೆಟಗೇರಿಯಲ್ಲಿ ನೀಲಾಳ ಮನೆಗೆ ಅದು ಬಂದದ್ದು ಯುಗಾದಿಯ ಹಿಂದಿನ ವಾರ. ಅದರ ತತ್ವ ಕೇಳಲು ಸರಳ. ಯಾವ ಘಟನೆಯೂ ನಡೆದ ಕೂಡಲೇ ಗಟ್ಟಿಯಾಗುವುದಿಲ್ಲ. ಸುಮಾರು ಅರ್ಧ ನಿಮಿಷ ಹಸಿಯಾಗಿಯೇ ಇರುತ್ತದೆ. ಹಸಿ ಗಾರೆಯ ಮೇಲೆ ಬಿದ್ದ ಹೆಜ್ಜೆಯನ್ನು ಕರಣೆಯಿಂದ ಸವರಿ ಅಳಿಸಿದ ಹಾಗೆ, ಈ ‘ಹಸಿಕಾಲ’ದೊಳಗೆ ನಾಲ್ಕು ಗೋಡೆಗಳ ನಡುವಿನ ಎಲ್ಲವನ್ನೂ ಅರ್ಧ ನಿಮಿಷ ಹಿಂದಿದ್ದ ಸ್ಥಿತಿಗೆ ತರಬಹುದು. ವಸ್ತುಗಳು ಹಿಂತಿರುಗುತ್ತವೆ, ಚೆಲ್ಲಿದ ಹಾಲು ಪಾತ್ರೆಗೆ ಸೇರುತ್ತದೆ, ಮನೆಯೊಳಗಿದ್ದವರ ನೆನಪೂ ಹಿಂದಕ್ಕೆ ಹೋಗುತ್ತದೆ. ಹಿಂತಿರುಗಿದ ಕೂಡಲೇ ಯಂತ್ರ ‘ಟಿಣ್’ ಎನ್ನುವುದರಿಂದ ಎಲ್ಲರೂ ಅತ್ತ ತಿರುಗುತ್ತಾರೆ, ನಡೆದದ್ದೇ ಮತ್ತೆ ಅದೇ ರೀತಿ ನಡೆಯುವುದಿಲ್ಲ. ಆ ನಡುವೆ ಯಾರಾದರೂ ಹೊಸ್ತಿಲು ದಾಟಿದ್ದರೆ ಮಾತ್ರ ಯಂತ್ರ ಸುಮ್ಮನಿರುತ್ತದೆ. ಹಿಂದಕ್ಕೆ ಹೋಗದ ವಸ್ತು ಒಂದೇ ಒಂದು: ಪೆಟ್ಟಿಗೆಯ ಹೊಟ್ಟೆಯಲ್ಲಿ ಸೀಸದ ಕವಚದೊಳಗೆ ಇರುವ ಕಡಲೆಗಾತ್ರದ ‘ಸಾಕ್ಷಿಮಣಿ’. ಅಳಿದುಹೋದ ಅರ್ಧ ನಿಮಿಷದ ಸದ್ದು ಅದರಲ್ಲಿ ಉಳಿಯುತ್ತದೆ. ಚೀಟಿ ಅಚ್ಚಾಗುವುದು ಅದರ ಆಧಾರದಿಂದಲೇ.

ಯಂತ್ರ ಬಂದ ಮೇಲೆ ನೀಲಾಳಿಗೆ ಎಷ್ಟೋ ಹಗುರಾಗಿತ್ತು. ಬೇಸಿಗೆಯ ರಜೆ ಎಂಬುದು ಹೆಸರಿಗೆ ರಜೆ, ಮನೆ ಹಿಡಿದವರಿಗೆ ಅದರಷ್ಟು ದುಡಿಮೆ ಇನ್ನೊಂದಿಲ್ಲ. ಉಕ್ಕುವ ಹಾಲು, ಅರ್ಧಕ್ಕೆ ಕೈಕೊಡುವ ನೀರಿನ ಮೋಟಾರು, ಇಸ್ತ್ರಿಯ ಕೆಳಗೆ ಮರೆತ ಅಂಗಿ, ಗಂಡನ ಊಟದ ಡಬ್ಬಿಗೆ ಹಾಕಲು ಮರೆತ ಉಪ್ಪು. ಗಂಡ ಚೆನ್ನವೀರ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವವನು. ನೂರಡಿ ಎತ್ತರದಲ್ಲಿ ಒಂದು ತಿರುಪನ್ನೂ ಕೈಜಾರಿಸದ ಆ ಮನುಷ್ಯ ಮನೆಗೆ ಬಂದರೆ ನೀರಿನ ಲೋಟವನ್ನೂ ನೆಟ್ಟಗೆ ಇಡುತ್ತಿರಲಿಲ್ಲ. ದಿನಕ್ಕೆ ಎರಡು ಮೂರು ಚೀಟಿ ಅವನ ಹೆಸರಿಗೇ ಬರುತ್ತಿದ್ದವು. ಒಂದೊಂದು ಸಲವೂ ಮನೆ ಊರಿಗಿಂತ ಅರ್ಧ ನಿಮಿಷ ಹಿಂದೆ ಬೀಳುತ್ತಿದ್ದರಿಂದ, ರವಿವಾರಕ್ಕೊಮ್ಮೆ ಕುರ್ಚಿ ಹತ್ತಿ ಗಡಿಯಾರದ ಮುಳ್ಳನ್ನು ಮುಂದೆ ಸರಿಸುವುದು ಅವನ ಕೆಲಸವಾಗಿತ್ತು.

ಪಕ್ಕದ ಮನೆಯ ಗುರುಸಿದ್ದವ್ವನಿಗೆ ಮಾತ್ರ ಇದು ಸರಿಬಂದಿರಲಿಲ್ಲ. ಎಪ್ಪತ್ತು ದಾಟಿದ ಆಕೆ ಮಜ್ಜಿಗೆ ಕೊಡುವ ನೆಪದಲ್ಲಿ ಬಂದು, ನಡುಮನೆಯಲ್ಲಿ ಕೂತು ಸುತ್ತ ನೋಡುತ್ತಿದ್ದಳು.

“ಏನವಾ ಇದು, ನಿನ್ನ ಮನ್ಯಾಗ ಒಂದು ಕಪ್ಪು ಸೈತ ಒಡಿಯೂದಿಲ್ಲ. ಮನಿ ಅನ್ನಸೂದs ಇಲ್ಲ, ಅಂಗಡಿ ಅನಸ್ತೈತಿ ನೋಡು.”

“ಒಡದ್ರ ಚೊಲೋ ಏನ ಆಯಿ?” ಎಂದು ನೀಲಾ ನಗುತ್ತಿದ್ದಳು.

“ಚೊಲೋ ಅಂತ ನಾ ಎಲ್ಲಿ ಅಂದ್ನಿ? ಕೂಸು ಇದ್ದ ಮನಿ ಸಪ್ಪಳಾ ಇರಬೇಕು ಅಂದ್ನಿ.”

ನೀಲಾಳ ನಗು ಅಲ್ಲಿಗೆ ನಿಲ್ಲುತ್ತಿತ್ತು. ಮುದುಕಿ ಚುಚ್ಚಬೇಕೆಂದು ಆಡಿದ ಮಾತಲ್ಲ. ಆದರೆ ತಾಗುವ ಜಾಗಕ್ಕೇ ಹೋಗಿ ತಾಗುತ್ತಿತ್ತು.

ಮಗಳು ದಾನಮ್ಮ, ಮನೆಯವರ ದಾನಿ, ಎರಡು ಮುಗಿದು ಒಂಬತ್ತು ತಿಂಗಳಾಗಿದ್ದರೂ ಇನ್ನೂ ಒಂದು ಮಾತು ಆಡಿರಲಿಲ್ಲ. ಅಳುತ್ತಿದ್ದಳು, ನಗುತ್ತಿದ್ದಳು, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಹೊರಗೆ ಹೋದರೆ ತಾಯಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ವೈದ್ಯರು ಕಿವಿ ನೋಡಿದರು, ನಾಲಿಗೆ ನೋಡಿದರು, ಎಲ್ಲ ಸರಿಯಿದೆ, ಆಡುತ್ತಾಳೆ, ಕಾಯಿರಿ ಎಂದರು. ಕಾಯುವುದು ಎಷ್ಟು ಕಷ್ಟ ಎಂಬುದನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುವುದಿಲ್ಲ. ಓಣಿಯ ಮಕ್ಕಳು ಅವ್ವಾ ಎಂದು ಕೂಗಿದಾಗಲೆಲ್ಲ ನೀಲಾ ತಿರುಗಿ ನೋಡುತ್ತಿದ್ದಳು, ಆಮೇಲೆ ತಿರುಗಿದ್ದಕ್ಕೆ ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

ಯಂತ್ರಕ್ಕೆ ಅರ್ಜಿ ಹಾಕಿದ್ದೂ ದಾನಿಯ ಸಲುವಾಗಿಯೇ. ಮಾತಾಡದ ಮಗು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಬಿಸಿ ಮೈಮೇಲೆ ಚೆಲ್ಲಿಕೊಂಡರೆ ಯಾರನ್ನು ಕರೆದೀತು? ಜೊತೆಗೆ ಬಂದ ‘ಮನೆ ಪರಿಚಯ ಪತ್ರ’ವನ್ನು ನೀಲಾ ಎರಡು ದಿನ ಕೂತು ತುಂಬಿದ್ದಳು. ಮಗುವಿನ ಬಗ್ಗೆ ಕೇಳಿದ ಪ್ರಶ್ನೆಗಳಿಗಂತೂ ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದಿದ್ದಳು.

ಅದರ ಫಲವೂ ಕಾಣುತ್ತಿತ್ತು. “ಬಗೆ ನಾಲ್ಕು: ಮಗುವಿಗೆ ಅಪಾಯ. ತಪ್ಪಿಸಲಾಗಿದೆ” ಎಂಬ ಚೀಟಿ ಮೊದಲು ಬಂದದ್ದು ಯುಗಾದಿಯ ಮರುದಿನ. ಏನು ಅಪಾಯ ಎಂದು ಅದರಲ್ಲಿ ಇರಲಿಲ್ಲ. ಆ ದಿನ ಗಂಡಹೆಂಡತಿ ಇಬ್ಬರೂ ಮಗಳನ್ನು ನಡುವೆ ಕೂಡಿಸಿಕೊಂಡು ಎಷ್ಟೋ ಹೊತ್ತು ಕೂತಿದ್ದರು. ನೀಲಾ ಆ ಚೀಟಿಯನ್ನು ದೇವರ ಮುಂದೆ ಇಟ್ಟಳು. ವಾರದೊಳಗೆ ಇನ್ನೂ ಮೂರು ಬಂದವು. ಚೆನ್ನವೀರ ಅಡುಗೆಮನೆಗೆ ಅಡ್ಡಗೇಟು ಹಾಕಿದ, ಪ್ಲಗ್ಗುಗಳಿಗೆಲ್ಲ ಮುಚ್ಚಳ ಹಾಕಿದ, ಸ್ಟೂಲುಗಳನ್ನು ಅಟ್ಟಕ್ಕೆ ಏರಿಸಿದ, ಬಚ್ಚಲಿನ ಹಂಡೆಗೆ ಬೀಗ ಹಾಕಿದ. ಆದರೂ ಚೀಟಿಗಳು ನಿಲ್ಲಲಿಲ್ಲ. ಬಿಸಿಲು ಏರಿದಂತೆ ಅವೂ ಏರಿದವು. ಬಸವ ಜಯಂತಿಯ ಹೊತ್ತಿಗೆ ಇಪ್ಪತ್ತಾಗಿದ್ದವು. ಪ್ರತಿಯೊಂದು ಚೀಟಿ ಬಂದಾಗಲೂ ನೀಲಾ ಕೈಲಿದ್ದ ಕೆಲಸ ಬಿಟ್ಟು ಓಡಿಹೋಗಿ ಮಗಳ ಕೈಕಾಲು ಸವರಿ ನೋಡುತ್ತಿದ್ದಳು. ಈ ಪೆಟ್ಟಿಗೆ ಇಲ್ಲದಿದ್ದರೆ ತನ್ನ ಮಗಳು ಎಷ್ಟು ಸಲ ಸಾಯುತ್ತಿದ್ದಳೋ ಎಂದು ನೆನೆದು ಅವಳಿಗೆ ಕಣ್ಣೀರು ಬರುತ್ತಿತ್ತು.

ಮೇ ತಿಂಗಳ ನಡುವೆ ನೀಲಾಳ ಮನೆಯ ಶಾವಿಗೆಯ ಪಾಳಿ ಬಂತು. ಶಾವಿಗೆ ಒತ್ತುವ ಯಂತ್ರಗಳು ಬಂದು ಎಷ್ಟು ಕಾಲವಾಗಿದ್ದರೂ ಆ ಓಣಿಯ ಹೆಂಗಸರು ಕೈಯಲ್ಲಿ ಹೊಸೆದದ್ದನ್ನು ಬಿಟ್ಟು ಬೇರೆಯದನ್ನು ಶಾವಿಗೆ ಎನ್ನುತ್ತಿರಲಿಲ್ಲ. ಇವತ್ತು ನಿನ್ನ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀನು. ಎಂಟು ಜನ ಹೆಂಗಸರು ನಡುಮನೆಯಲ್ಲಿ ಕೂತು ಹಿಟ್ಟು ಎಳೆಯುತ್ತಿದ್ದರು, ಎಳೆಗಳನ್ನು ಕೋಲಿಗೆ ಇಳಿಬಿಡುತ್ತಿದ್ದರು. ನೀಲಾ ಗೋಡೆಗೆ ಒರಗಿ ದಾನಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಿಟ್ಟಿನ ಉಂಡೆ ಮಾಡಿ ಕೊಡುತ್ತಿದ್ದಳು.

‘ಟಿಣ್’ ಎಂದಿತು ಪೆಟ್ಟಿಗೆ.

ಹತ್ತಿರವಿದ್ದ ಗುರುಸಿದ್ದವ್ವ ಚೀಟಿ ಹರಿದು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಓದಿದಳು. “ಬಗೆ ನಾಕು. ಮಗುವಿಗೆ ಅಪಾಯ.” ಆಮೇಲೆ ತಲೆಯೆತ್ತಿ ನೀಲಾಳ ತೊಡೆಯ ಮೇಲೆ ಕೂತು ಹಿಟ್ಟಿನ ಉಂಡೆ ಮೂಸುತ್ತಿದ್ದ ದಾನಿಯನ್ನು ನೋಡಿದಳು. “ತಾಯಿ ತೊಡಿ ಮ್ಯಾಲೆ ಕುಂತ ಕೂಸಿಗೆ ಅದೆಂಥಾ ಅಪಾಯ ಬಂದಿತ್ತವಾ?”

ಎಂಟು ಜೋಡಿ ಕೈಗಳು ನಿಂತವು. ನಡೆದದ್ದು ಏನೆಂದು ಯಾರಿಗೂ ನೆನಪಿರಲಿಲ್ಲ. “ದೃಷ್ಟಿ ಆಗಿರಬೇಕು” ಎಂದಳು ಒಬ್ಬಳು. ನೀಲಾ ದಾನಿಯನ್ನು ಎದೆಗೆ ಒತ್ತಿಕೊಂಡಳು.

ಹೆಂಗಸರು ಹೋದ ಮೇಲೆ ಅವಳು ದೇವರ ಮುಂದಿದ್ದ ಬಗೆ ನಾಲ್ಕರ ಚೀಟಿಗಳನ್ನೆಲ್ಲ ತಂದು ನೆಲದ ಮೇಲೆ ಹರಡಿದಳು. ನಲವತ್ತೇಳು ಇದ್ದವು. ಭಯವಾದಾಗ ಲೆಕ್ಕ ಮಾಡುವುದು ಅವಳ ಅಭ್ಯಾಸ. ಯಾವ ದಿನ, ಎಷ್ಟು ಹೊತ್ತಿಗೆ, ಆಗ ದಾನಿ ಎಲ್ಲಿದ್ದಳು ಎಂದು ಪಟ್ಟಿ ಮಾಡಿದಳು. ಮಗು ಒಬ್ಬಳೇ ಆಡುತ್ತಿದ್ದಾಗ ಬಂದ ಚೀಟಿ ಐದು ಮಾತ್ರ. ಉಳಿದವೆಲ್ಲ ತಾನೋ ಚೆನ್ನವೀರನೋ ಅವಳ ಪಕ್ಕದಲ್ಲಿ ಇದ್ದಾಗಲೇ ಬಂದವು. ಅಪಾಯ ನಮ್ಮಿಂದಲೇ ಬರುತ್ತಿದೆಯೇ? ಆ ಪ್ರಶ್ನೆಯನ್ನು ಗಂಡನ ಮುಂದೆ ಆಡುವ ಧೈರ್ಯ ಅವಳಿಗೆ ಬರಲಿಲ್ಲ. ಕೇಂದ್ರಕ್ಕೆ ಫೋನು ಮಾಡಿದಳು.

ಮೂರನೆಯ ದಿನ ಡಾ. ಶಾಂಭವಿ ಹೊಂಬಳ ತಾವೇ ಬಂದರು. ಮರುಗಳಿಗೆಯನ್ನು ರೂಪಿಸಿದ ತಂಡದ ಮುಖ್ಯಸ್ಥೆ. ಬಿಸಿಲಿಗೆ ಕೆಂಪಾದ ಮುಖ, ಹೆಗಲಿಗೆ ಒಂದು ಚರ್ಮದ ಚೀಲ. ನೀರು ಕುಡಿದು, ಪಟ್ಟಿಯನ್ನು ನೋಡಿ, “ಭಾಳ ಚೊಲೋ ಬರದೀರಿ” ಎಂದರು. ಚೆನ್ನವೀರ ಅಂದು ಕೆಲಸಕ್ಕೆ ಹೋಗಿರಲಿಲ್ಲ. ದಾನಿ ಅಪ್ಪನ ಹಳದಿ ಟೋಪಿಯನ್ನು, ಗಾಳಿಯಂತ್ರ ಹತ್ತುವಾಗ ಹಾಕಿಕೊಳ್ಳುವುದನ್ನು, ತಲೆಗೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು.

“ಸಾಕ್ಷಿಮಣಿ ಒಳಗಿನ ಸಪ್ಪಳ ಕೇಳೂ ಅಧಿಕಾರ ನಮಗಿಲ್ಲರಿ,” ಎಂದರು ಡಾಕ್ಟರು. “ಮನಿ ಮಾತು ಮನ್ಯಾಗs ಇರಬೇಕು ಅಂತ ನಿಯಮ. ನೀವಿಬ್ಬರೂ ಒಪ್ಪಿ ಸಹಿ ಹಾಕಿದ್ರ ತಗದು ಕೇಳೂಣು.”

“ಅದರಾಗ ಏನು ಕೇಳಸ್ತೈತ್ರಿ?” ಎಂದಳು ನೀಲಾ.

“ಅಳಿದುಹೋದದ್ದು. ಕೆಟ್ಟದ್ದು ಇರಬಹುದು, ಮನಸ್ಸು ಗಟ್ಟಿ ಮಾಡ್ಕೋರಿ.”

ಇಬ್ಬರೂ ಸಹಿ ಹಾಕಿದರು. ಡಾಕ್ಟರು ಪೆಟ್ಟಿಗೆಯಿಂದ ಮಣಿಯನ್ನು ಚಿಮಟದಿಂದ ತೆಗೆದು, ಚೀಲದಲ್ಲಿದ್ದ ‘ಕೇಳುಗ’ ಎಂಬ ಸಣ್ಣ ಧ್ವನಿಯಂತ್ರದಲ್ಲಿ ಕೂಡಿಸಿದರು. ಮೊದಲನೆಯ ಚೀಟಿಯ ದಿನ, ಬೆಳಗಿನ ಹೊತ್ತು. ಪಾತ್ರೆ ತೊಳೆಯುವ ಸದ್ದು. ಕಿಟಕಿಯಲ್ಲಿ ಗುಬ್ಬಿಯ ಚಿಲಿಪಿಲಿ. ಆಮೇಲೆ, ಸ್ವಲ್ಪ ಒಡಕಾದ, ಯಾರೂ ಎಂದೂ ಕೇಳದ ಒಂದು ಎಳೆಯ ದನಿ:

“ಗುಬ್ಬಿ.”

ಪಾತ್ರೆಯ ಸದ್ದು ನಿಂತಿತು. ಆಮೇಲೆ ಒಬ್ಬ ಹೆಂಗಸು ಕಿರುಚಿದಳು: “ರೀ! ಬರ್ರಿ ಇಲ್ಲೆ, ಓಡಿ ಬರ್ರಿ! ದಾನಿ ಮಾತಾಡಿದ್ಲು! ಏನಂದಿ ನನ್ನವ್ವಾ? ಇನ್ನೊಮ್ಮೆ ಅನ್ನು, ಇನ್ನೊಮ್ಮೆ...” ಓಡಿಬರುವ ಕಾಲಿನ ಸದ್ದು. ಅಲ್ಲಿಗೆ ಕಡಿದುಹೋಯಿತು.

“ಆ ಹೆಂಗಸು ಯಾರ್ರಿ?” ಎಂದು ನೀಲಾ ಕೇಳಿದಳು. ಕೇಳುತ್ತಿದ್ದಂತೆಯೇ ಅದು ತನ್ನದೇ ದನಿ ಎಂದು ಅವಳಿಗೆ ಗೊತ್ತಾಯಿತು. ಅಷ್ಟು ಸಂತೋಷದಲ್ಲಿ ತನ್ನ ದನಿ ಹೇಗಿರುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ಎರಡನೆಯದನ್ನು ಹಾಕಿದರು, ಮೂರನೆಯದನ್ನು ಹಾಕಿದರು. “ಅವ್ವಾ ನೀರು.” “ಅಪ್ಪಾ ಟೋಪಿ.” ಟೋಪಿ ಎಂದ ಆ ಅರ್ಧ ನಿಮಿಷದಲ್ಲಿ ಚೆನ್ನವೀರ ಗೊಳೋ ಎಂದು ಅತ್ತುಬಿಟ್ಟಿದ್ದ, ಅಳುತ್ತಲೇ “ನನ್ನ ಟೋಪಿ ಅಂದ್ಲು, ನನ್ನ ಟೋಪಿ” ಎನ್ನುತ್ತಿದ್ದ. ಈಗ ಅದನ್ನು ಕೇಳುತ್ತಿದ್ದ ಚೆನ್ನವೀರ ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋದ. ನಲವತ್ತೇಳನೆಯದು ಶಾವಿಗೆಯ ದಿನದ್ದು. “ಅವ್ವಾ, ಶಾವಿಗಿ ಕೊಡು” ಎಂದಿತು ದನಿ. ಎಂಟು ಹೆಂಗಸರು ಒಟ್ಟಿಗೆ ಹೋ ಎಂದರು. ಗುರುಸಿದ್ದವ್ವ “ಬಾಯಿ ಬಂತ್ರೇ ನನ್ನ ಬಂಗಾರಕ್ಕ!” ಎಂದು ಕೂಗಿದ್ದು ಕೇಳಿತು, ಕಡಿದುಹೋಯಿತು.

ಡಾಕ್ಟರು ಕೇಳುಗವನ್ನು ನಿಲ್ಲಿಸಿ, ಚೀಲದಿಂದ ಒಂದು ಹಾಳೆ ತೆಗೆದರು. ಅದು ಮನೆ ಪರಿಚಯ ಪತ್ರ. ಒಂಬತ್ತನೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು: ‘ಮಗುವಿನ ಅಪಾಯದ ಕೂಗನ್ನು ಯಂತ್ರ ಹೇಗೆ ಗುರುತಿಸಬೇಕು?’ ಕೆಳಗೆ ನೀಲಾಳ ದುಂಡನೆಯ ಅಕ್ಷರ: ‘ನಮ್ಮ ಮಗಳು ಮಾತಾಡುವುದಿಲ್ಲ. ಅಳು ಮತ್ತು ನಗು ದಿನವೂ ಇದ್ದದ್ದೇ, ಅದಕ್ಕೆ ಗಾಬರಿ ಬೇಡ. ಅವೆರಡನ್ನು ಬಿಟ್ಟು ಅವಳ ಬಾಯಿಂದ ಬೇರೆ ಯಾವ ದನಿ ಬಂದರೂ ದೊಡ್ಡ ಅನಾಹುತವಾಗಿದೆ ಎಂದೇ ತಿಳಿಯಬೇಕು.’

ನೀಲಾ ಆ ಸಾಲುಗಳನ್ನು ಎರಡು ಸಲ ಓದಿದಳು. ಯಂತ್ರ ಒಂದು ಅಕ್ಷರವೂ ತಪ್ಪದೆ ಅವಳು ಹೇಳಿದಂತೆಯೇ ನಡೆದಿತ್ತು.

“ನಾನs ಬರದೀನಿ,” ಎಂದಳು. “ನನ್ನ ಕೈಯಾರೆ ನಾನs ಆಕಿ ಬಾಯಿ ಮುಚ್ಚೀನಿ.”

“ಹಂಗ ಅನಬ್ಯಾಡ್ರಿ. ಪ್ರಶ್ನೆ ಕೇಳಿದವರು ನಾವು. ಇವತ್ತು ಮಾತಾಡದ ಕೂಸು ನಾಳೆ ಮಾತಾಡೀತು ಅಂತ ಬರೀಲಿಕ್ಕೆ ಆ ಹಾಳ್ಯಾಗ ನಾವು ಜಾಗಾನ ಇಟ್ಟಿರಲಿಲ್ಲ. ಹನ್ನೆರಡು ಮಂದಿ ವಿಜ್ಞಾನಿಗಳು ಕುಂತು ಮಾಡಿದ ಹಾಳೀರಿ ಅದು. ಒಬ್ಬರಿಗೂ ಹೊಳೀಲಿಲ್ಲ.” ಡಾಕ್ಟರ ದನಿ ಸಣ್ಣದಾಗಿತ್ತು.

“ಅವನ್ನ ತಿರುಗಿ ಕೊಡಾಕ ಆಗೂದಿಲ್ಲೇನ್ರಿ? ಆಕಿ ನೆನಪಿಗೆ?”

“ಇಲ್ಲರಿ. ಸಪ್ಪಳ ಕೊಡಬಲ್ಲೆ. ಗಳಿಗೆ ಕೊಡಲಾರೆ.”

“ಇನ್ನ ಮುಂದ ಮಾತಾಡತಾಳೇನ್ರಿ?”

ಡಾಕ್ಟರು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು. “ನಾ ಸುಳ್ಳು ಹೇಳೂದಿಲ್ಲ. ನಲವತ್ತೇಳು ಸಲ ಮಾತು ಬಾಗಿಲತನಾ ಬಂದೈತಿ. ಮತ್ತ ಬರಬೇಕು. ಯಾವಾಗ ಅಂತ ನನಗ ಗೊತ್ತಿಲ್ಲ.”

ಯಂತ್ರದ ಕಾವಲನ್ನು ಅವರು ಅಲ್ಲೇ ನಿಲ್ಲಿಸಿದರು. ಪೆಟ್ಟಿಗೆಯನ್ನು ಒಯ್ಯುವ ಗಾಡಿ ಬರಲು ಎರಡು ವಾರ ಬೇಕಿತ್ತು. ಅಲ್ಲಿಯವರೆಗೆ, ನಿಜವಾದ ಅನಾಹುತವೇ ಆದರೆ ಇರಲಿ ಎಂದು, ಕೈಯಿಂದ ಒತ್ತುವ ಕೆಂಪು ಗುಂಡಿಯೊಂದನ್ನು ಉಳಿಸಿದರು. ಅರ್ಧ ನಿಮಿಷದೊಳಗೆ ಒತ್ತಬೇಕು, ಆಮೇಲೆ ಒತ್ತಿ ಉಪಯೋಗವಿಲ್ಲ. ಹೋಗುವಾಗ ದಾನಿಯ ಟೋಪಿಯ ಮೇಲೆ ಮೆಲ್ಲಗೆ ತಟ್ಟಿದರು.

ನಲವತ್ತೇಳು ಅರ್ಧ ನಿಮಿಷಗಳು ಎಂದರೆ ಇಪ್ಪತ್ಮೂರೂವರೆ ನಿಮಿಷ ಎಂದು ನೀಲಾ ಲೆಕ್ಕ ಹಾಕಿದ್ದಳು. ತನ್ನ ಬಾಳಿನ ಅತಿ ಸಂತೋಷದ ಇಪ್ಪತ್ಮೂರೂವರೆ ನಿಮಿಷ. ಅದರಲ್ಲಿ ಒಂದು ಕ್ಷಣವೂ ಅವಳಿಗೆ ನೆನಪಿರಲಿಲ್ಲ. ಡಾಕ್ಟರು ಬಿಟ್ಟುಹೋದ ಕೇಳುಗದಲ್ಲಿ ಆ ಧ್ವನಿಯನ್ನು ಒಮ್ಮೆ ದಾನಿಗೆ ಕೇಳಿಸಿದಳು. ಗುಬ್ಬಿ ಎಂದ ದನಿ ಕೇಳಿ ದಾನಿ ಎದ್ದು, ಅಲ್ಲಿ ಇನ್ನೊಂದು ಮಗು ಅಡಗಿದೆಯೇನೋ ಎಂದು ಕೇಳುಗದ ಹಿಂದೆ ಬಗ್ಗಿ ನೋಡಿದಳು. ನೀಲಾ ಮತ್ತೆ ಅದನ್ನು ಹಾಕಲಿಲ್ಲ.

ಮನೆಯಲ್ಲಿ ಈಗ ಸದ್ದು ಶುರುವಾಯಿತು. ಮೊದಲ ದಿನವೇ ಹಾಲು ಉಕ್ಕಿತು, ಮತ್ತು ಉಕ್ಕಿಯೇ ಹೋಯಿತು. ಎರಡನೆಯ ದಿನ ಚೆನ್ನವೀರ ಮೂರು ಕಪ್ಪು ಒಡೆದ. ಹಳೆಯ ರೂಢಿಯಂತೆ ಇಬ್ಬರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದರು, ಆಮೇಲೆ ಕಸಬರಿಗೆ ಹುಡುಕುತ್ತಿದ್ದರು. ಮಗಳು ಮತ್ತೊಮ್ಮೆ ಅಂದಾಳೆಂಬ ಆಸೆಗೆ ಚೆನ್ನವೀರ ಮನೆಯಲ್ಲಿದ್ದಷ್ಟು ಹೊತ್ತೂ ಹಳದಿ ಟೋಪಿ ಹಾಕಿಕೊಂಡೇ ಓಡಾಡಿದ, ಊಟಕ್ಕೂ ತೆಗೆಯಲಿಲ್ಲ. ನೀಲಾ ಕಿಟಕಿಯಲ್ಲಿ ಅಕ್ಕಿಕಾಳು ಚೆಲ್ಲಿ ಗುಬ್ಬಿಗಳನ್ನು ಕರೆದಳು. ದಾನಿ ಗುಬ್ಬಿಗಳನ್ನು ನೋಡುತ್ತಿದ್ದಳು, ಅವ್ವನ ಆಸೆಗಣ್ಣನ್ನು ನೋಡುತ್ತಿದ್ದಳು, ಸುಮ್ಮನಿರುತ್ತಿದ್ದಳು.

“ಚೆನ್ನವೀರಂಗ ಏನಾಗೇತವಾ, ಟೋಪಿ ಹಾಕ್ಕೊಂಡs ಜಳಕಕ್ಕ ಹೊಂಟಿದ್ದ?” ಎಂದು ಗುರುಸಿದ್ದವ್ವ ಬಂದು ಕೇಳಿದಳು. ನೀಲಾ ಎಲ್ಲವನ್ನೂ ಹೇಳಿದಳು. ಮುದುಕಿ ದಾನಿಯ ಮಾತನ್ನು ತಾನೂ ಕೇಳಿದ್ದೆನೆಂದು ತಿಳಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆಸಿ ಮಾಡಿ ಬಾಯಿ ನೋಡ್ಕೊಂತ ಕುಂದರಬ್ಯಾಡ. ನೀ ನಿನ್ನ ಕೆಲಸ ಮಾಡು,” ಎಂದಳು.

ಐದನೆಯ ದಿನ ದಾನಿ ಹೊಸ್ತಿಲಿಗೆ ಎಡವಿ ಬಿದ್ದಳು. ಎರಡು ತಿಂಗಳಲ್ಲಿ ಬಿದ್ದು ನೋವು ತಿಂದದ್ದು ಅದೇ ಮೊದಲು, ಹಿಂದೆ ಬಿದ್ದದ್ದೆಲ್ಲ ‘ಬಗೆ ಮೂರು: ಬೀಳುವಿಕೆ’ ಎಂಬ ಚೀಟಿಯಾಗಿ, ಬೀಳದ ಹಾಗೆ ಆಗಿತ್ತಲ್ಲ. ಮಂಡಿ ತರಚಿ ರಕ್ತ ಬಂದದ್ದನ್ನು ನೋಡಿ ಅವಳಿಗೆ ಅಳುವುದಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ಆಮೇಲೆ ಅತ್ತಳು. ನೀಲಾ ಓಡಿಬಂದು ಎತ್ತಿಕೊಂಡು, ತನ್ನ ತಾಯಿ ತನಗೆ ಮಾಡುತ್ತಿದ್ದಂತೆ ಅಂಗೈಯಿಂದ ನೆಲಕ್ಕೆ ಪಟಪಟ ಹೊಡೆದಳು. “ನೆಲಾ ಕೆಟ್ಟದು! ನನ್ನ ಮಗಳನ್ನ ಅಳಸ್ತಿಯೇನ? ತಗೋ, ತಗೋ! ಹೊಡದೆ ನೋಡವಾ, ಇನ್ನ ಅಳಬ್ಯಾಡ.” ದಾನಿ ಅಳು ನಿಲ್ಲಿಸಿ, ಏಟು ತಿಂದ ನೆಲವನ್ನು ಬಾಗಿ ನೋಡಿದಳು. ಮುಂದಿನ ದಿನಗಳಲ್ಲಿ ಅವಳು ಇನ್ನೂ ಮೂರು ನಾಲ್ಕು ಸಲ ಬಿದ್ದಳು, ನೆಲವೂ ಅಷ್ಟು ಸಲ ಏಟು ತಿಂದಿತು.

ಹನ್ನೆರಡನೆಯ ದಿನ ಅಮಾವಾಸ್ಯೆ. ಗಾಡಿ ಮರುದಿನ ಬರುವುದಿತ್ತು. ಹೋಳಿಗೆ ಮಾಡಿದ ನೀಲಾ, ಹಬ್ಬದ ರೂಢಿಯಂತೆ ತಾಯಿಯ ಉಪ್ಪಿನಕಾಯಿಯ ಒಂದು ಹೋಳು ತೆಗೆಯಲು ಗೂಡಿನ ಮುಂದೆ ನಿಂತಳು. ಕೈಯಲ್ಲಿ ಹೋಳಿಗೆಯ ಎಣ್ಣೆ ಇತ್ತು, ಒರೆಸಿಕೊಳ್ಳುವುದು ಮರೆತಿತ್ತು. ಭರಣಿ ಗೂಡಿನಿಂದ ಎರಡು ಗೇಣು ಹೊರಗೆ ಬಂದು ಕೈಯಿಂದ ಜಾರಿತು.

ಸದ್ದಿಗೆ ಮನೆ ನಡುಗಿತು. ಕಪ್ಪುಗೆಂಪು ಎಣ್ಣೆ ನೆಲದ ಮೇಲೆ ಹರಿಯಿತು. ತಾಯಿಯ ಕೈಯ ಕೊನೆಯ ಹೋಳುಗಳು ಪಿಂಗಾಣಿ ಚೂರುಗಳ ನಡುವೆ ಬಿದ್ದಿದ್ದವು. ನೀಲಾ ಅಲ್ಲೇ ಕುಸಿದು ಕೂತಳು. ಗುಂಡಿಯ ನೆನಪಾಯಿತು. ಏಳಬೇಕೆನ್ನುವಷ್ಟರಲ್ಲಿ ಅಳು ಬಂತು. ತಾಯಿ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

ದಾನಿ ಅಡ್ಡಗೇಟಿನ ಆಚೆ ನಿಂತು ನೋಡುತ್ತಿದ್ದಳು. ಅವಳು ಮೊದಲು ಅವ್ವನನ್ನು ನೋಡಿದಳು, ಆಮೇಲೆ ನೆಲವನ್ನು ನೋಡಿದಳು. ಹುಬ್ಬು ಗಂಟಾಯಿತು. ಗೇಟಿನ ಆಚೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಪುಟ್ಟ ಅಂಗೈಯಿಂದ ನೆಲಕ್ಕೆ ಪಟ್ಟೆಂದು ಹೊಡೆದಳು.

“ನೆಲಾ ಕೆಟ್ಟದು,” ಎಂದಳು. ಮತ್ತೊಂದು ಏಟು. “ಅವ್ವಾ, ಅಳಬ್ಯಾಡ.”

ನೀಲಾ ತಲೆಯೆತ್ತಿದಳು. ಆ ದನಿ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಒಳಕೋಣೆಯಲ್ಲಿ ಫ್ಯಾನು ಬಿಚ್ಚುತ್ತಿದ್ದ ಚೆನ್ನವೀರ ಸದ್ದು ಕೇಳಿ ಓಡಿಬಂದಿದ್ದ. ಹೆಂಡತಿಯ ಕಣ್ಣೀರು, ಒಡೆದ ಭರಣಿ, ಇಷ್ಟೇ ಅವನಿಗೆ ಕಂಡದ್ದು. ಆ ಭರಣಿ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? “ಅಳಬ್ಯಾಡ ನೀಲಾ, ಇನ್ನೂ ವ್ಯಾಳೆ ಐತಿ!” ಎನ್ನುತ್ತ ನಡುಮನೆಯ ಪೆಟ್ಟಿಗೆಯ ಕಡೆ ಹಾರಿದ.

ನೀಲಾ ಚೂರುಗಳ ಮೇಲೆಯೇ ಎದ್ದು, ಗೇಟು ದಾಟಿ ಓಡಿದಳು. ಬೇಡ ಎಂದು ಕೂಗಲೂ ವೇಳೆಯಿರಲಿಲ್ಲ. ಅವನ ಬೆರಳು ಕೆಂಪು ಗುಂಡಿಯನ್ನು ಮುಟ್ಟುವಷ್ಟರಲ್ಲಿ ಎರಡೂ ಕೈಯಿಂದ ಅವನ ಮುಂಗೈಯನ್ನು ಹಿಡಿದು ಜಗ್ಗಿದಳು. ಹಿಂದೆ ದಾನಿ ಇನ್ನೂ ನೆಲಕ್ಕೆ ಹೊಡೆಯುತ್ತಲೇ ಇದ್ದಳು.

“ಬಿಡು ನೀಲಾ! ನಿಮ್ಮವ್ವನ ಭರಣಿ ಅದು!”

ಅವಳು ಬಿಡಲಿಲ್ಲ. ಕಣ್ಣು ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲಿತ್ತು. ಬಿದ್ದ ಕ್ಷಣದಿಂದ ಎಷ್ಟಾಯಿತೋ ತಿಳಿಯದು, ಆದ್ದರಿಂದ ಒಂದರಿಂದ ಶುರು ಮಾಡಿ ಮೂವತ್ತರವರೆಗೂ ಎಣಿಸಿಯೇಬಿಡುವುದೆಂದು ತುಟಿಯಲ್ಲೇ ಎಣಿಸತೊಡಗಿದಳು. ಹತ್ತು ಎನ್ನುವಾಗ ಚೆನ್ನವೀರ ಜಗ್ಗಾಡುವುದನ್ನು ನಿಲ್ಲಿಸಿದ. ಹದಿನೆಂಟು ಎನ್ನುವಾಗ ಅವನ ಕಿವಿಗೂ ಹಿಂದಿನಿಂದ “ನೆಲಾ ಕೆಟ್ಟದು” ಎಂಬ ಆ ದನಿ ಬಿತ್ತು. ಅವನು ಕೈಯನ್ನು ಗುಂಡಿಯಿಂದ ಹಿಂದಕ್ಕೆ ತೆಗೆದ. ಈಗ ಅವನೂ ಅವಳ ಜೊತೆಗೆ ಗಟ್ಟಿಯಾಗಿ ಎಣಿಸುತ್ತಿದ್ದ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು.

ಪೆಟ್ಟಿಗೆ ಸದ್ದು ಮಾಡಲಿಲ್ಲ. ಚೀಟಿ ಬರಲಿಲ್ಲ. ಭರಣಿ ಒಡೆದೇ ಇತ್ತು.

ಚೆನ್ನವೀರ ಮೆಲ್ಲಗೆ ಹೋಗಿ ಮಗಳ ಮುಂದೆ ಕೂತ. ಏನು ಕೇಳಬೇಕೆಂದು ಅವನಿಗೆ ತೋಚಲಿಲ್ಲ. ಕಡೆಗೆ, ಯಾವ ಮನೆಯಲ್ಲಾದರೂ ಇಂಥ ಹೊತ್ತಿನಲ್ಲಿ ಕೇಳುವುದನ್ನೇ ಕೇಳಿದ.

“ಯಾರು ಒಡದ್ರವಾ?”

ದಾನಿ ಅವ್ವನ ಕಡೆ ಒಮ್ಮೆ ನೋಡಿದಳು. ಅವ್ವನ ಸೀರೆಗೆಲ್ಲ ಎಣ್ಣೆಯಾಗಿತ್ತು.

“ನೆಲಾ,” ಎಂದಳು.

ನೀಲಾ ಅಳುತ್ತ ನಗುತ್ತ ಅವಳನ್ನು ಎತ್ತಿಕೊಂಡಳು. ನೆಲ ಒರೆಸುವುದಿತ್ತು, ಕಾಲಿಗೆ ಚುಚ್ಚಿದ ಚೂರನ್ನು ತೆಗೆಯುವುದಿತ್ತು, ಹೋಳಿಗೆ ತಣ್ಣಗಾಗುತ್ತಿದ್ದವು. ಮೂವರೂ ಸ್ವಲ್ಪ ಹೊತ್ತು ಅಲ್ಲೇ ಕೂತರು.